ಎಷ್ಟು ಜನ

ದಿನಕ್ಕೆ ಮುನ್ನೂರು ಸಲ ನಾನೇ ಕೇಳುವ ಮಾತು ಅದು.
ಹಾಸನ–ಅರಕಲಗೂಡು, ನಾಲ್ಕು ಟ್ರಿಪ್ಪು,
ಹೆಗಲಿಗೆ ಚರ್ಮದ ಬ್ಯಾಗು, ಕೈಯಲ್ಲಿ ಟಿಕೆಟ್ ಮಿಷನ್ನು:
ಎಷ್ಟು ಜನ?
ಮೂರು ಹೆಂಗಸರು ಎಂದರೆ ಮೂರು ಸೊನ್ನೆಯ ಚೀಟಿ,
ಒಂದು ಫುಲ್ಲು, ಒಂದು ಆಫು,
ಮಡಿಲ ಕೂಸಿಗೆ ಲೆಕ್ಕವಿಲ್ಲ,
ಕೋಳಿಗೆ ಇದೆ.

ಈಗ ನಾಲ್ಕು ತಿಂಗಳಿಂದ, ವಾರದ ರಜೆಯ ದಿನ,
ಬೇರೆಯವರ ಗೇಟಿನ ಹೊರಗೆ ನಿಂತು
ಅದೇ ಮಾತು ಕೇಳಿಸಿಕೊಳ್ಳುತ್ತೇನೆ.

ಏಳು ಜನ ಸಾರ್.
ನಾನು, ಟೈರ್ ಅಂಗಡಿಯ ನಮ್ಮ ಯಜಮಾನ್ರು,
ಅತ್ತೆ, ಹೊಲಿಗೆ ಮಿಷನ್ ತುಳಿಯೋ ನಾದಿನಿ ಪ್ರೇಮಲೀಲಾ,
ಎರಡು ಹೆಣ್ಣು, ಮತ್ತೆ ಸತ್ತ ಅಕ್ಕನ ಮಗ ಲೋಹಿತ.

ವಿದ್ಯಾನಗರದ ರಿಟೈರ್ಡ್ ಮೇಷ್ಟ್ರು
ಕತ್ತೆತ್ತಿ ತಾರಸಿಯ ಕರಿ ಟ್ಯಾಂಕು ನೋಡಿದರು,
ಏಳನ್ನು ಬಕೆಟ್ಟಿನಿಂದ ಗುಣಿಸಿ
ತುಟಿಯಲ್ಲೇ ಉತ್ತರ ಬರೆದುಕೊಂಡರು.
ಹೇಮಾವತಿ ನಗರದಲ್ಲಿ ಮೂರು ರೂಮು, ಗಾಳಿ, ಬೆಳಕು,
ಭೋಗ್ಯಕ್ಕಾದರೆ ಮಾತ್ರ, ಒಂಬತ್ತು ಲಕ್ಷ.
ಸಾಲಗಾಮೆ ರಸ್ತೆಯ ಆಯಮ್ಮ
ಹೊಲಿಗೆ ಮಿಷನ್ನಿನ ಸದ್ದಿಗೆ ತನಗೆ ಬಿ.ಪಿ. ಏರುತ್ತದೆ ಎಂದಳು.
ಒಳಗೆ ಟಿ.ವಿ.ಯಲ್ಲಿ ಯಾರೋ ಯಾರಿಗೋ ವಿಷ ಹಾಕುತ್ತಿದ್ದರು
ಇಡೀ ಬೀದಿಗೆ ಕೇಳುವ ಹಾಗೆ.

ಲೆಕ್ಕ ಇಳಿಸುವುದು ಕಲಿತೆವು.
ಉದಯಗಿರಿಯಲ್ಲಿ ಐದೇ ಜನವಾದೆವು.
ನಾದಿನಿಯನ್ನು ಇಲ್ಲದ ಹಾಸ್ಟೆಲಿಗೆ ಸೇರಿಸಿದೆ,
ಲೋಹಿತನನ್ನು ಅವರಪ್ಪನ ಮನೆಗೆ ಕಳಿಸಿದೆ,
ಮಾತಿನಲ್ಲೇ.
ಅವನು ಪಕ್ಕದಲ್ಲೇ ನಿಂತಿದ್ದ.
ಕಾಂಪೌಂಡಿನ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತ
ನಮ್ಮೊಂದಿಗೆ ಬಂದವನೇ ಅಲ್ಲದ ಹಾಗೆ
ಆಚೆ ಬದಿಯ ನಾಯಿಯನ್ನು ನೋಡತೊಡಗಿದ.
ಒಂಬತ್ತು ವರ್ಷದವನಿಗೆ ಅದನ್ನು ಯಾರು ಕಲಿಸಿದ್ದು.
ನಾನೇ. ಆಗಷ್ಟೇ.

ಐದಾದರೆ ಸರಿ, ಎಂದರು ಓನರು.
ಬೀಗ ತೆಗೆದರು. ಹೊಸ ಡಿಸ್ಟೆಂಪರಿನ ವಾಸನೆ.
ಅತ್ತೆ ಅಡುಗೆಮನೆಯ ಕಟ್ಟೆಗೆ ಅಂಗೈ ಇಟ್ಟು
ಎಮ್ಮೆಯ ಬೆನ್ನು ತಟ್ಟಿದಂತೆ ತಟ್ಟಿದಳು.
ಹೆಣ್ಣುಮಕ್ಕಳು ಆಗಲೇ ಕಿಟಕಿಗಳನ್ನು ಹಂಚಿಕೊಂಡಿದ್ದವು.
ಆಗ ಅವರು ಗಂಟಲು ಸರಿಮಾಡಿಕೊಂಡು
ಒಂದೇ ಒಂದು ಪದ ಬದಲಿಸಿದರು:
ಯಾವ ಜನ?

ಕೆಎಸ್ಸಾರ್ಟಿಸಿ ಜನ ಸಾರ್, ಅಂದೆ.
ನಕ್ಕರು. ಒಳ್ಳೆಯವರೇ.
ನಕ್ಕಾದ ಮೇಲೆ ಮತ್ತೆ ಕೇಳಿದರು, ಈ ಸಲ
ಜ್ವರದ ಮಗುವಿನ ಹಣೆ ಮುಟ್ಟುವಷ್ಟು ಮೆತ್ತಗೆ.
ಹೇಳಿದೆ.
ಫೋನ್ ಮಾಡ್ತೀನಿ ಕಣಮ್ಮ, ಅಂದರು.
ನಂಬರು ಬರೆದುಕೊಳ್ಳಲಿಲ್ಲ.

ಹನ್ನೊಂದು ವರ್ಷದ ಸರ್ವೀಸಿನಲ್ಲಿ
ಆ ಮಾತನ್ನು ಬಸ್ಸಿನೊಳಗೆ ಒಮ್ಮೆಯೂ ಕೇಳಿಲ್ಲ ನಾನು.
ಮಿಷನ್ನಿನಲ್ಲಿ ಅದಕ್ಕೆ ಬಟನ್ನೇ ಇಲ್ಲ.
ತೊಡೆಗೆ ತೊಡೆ ತಾಗಿಸಿ ಕೂತಿರುತ್ತಾರೆ,
ಒಬ್ಬರ ಬೆವರು ಇನ್ನೊಬ್ಬರ ತೋಳಿಗೆ,
ಗುರುತಿಲ್ಲದ ಹೆಗಲ ಮೇಲೆ ಒಂದು ನಿದ್ದೆ,
ಇಳಿಯುವ ಸ್ಟಾಪು ಬರುವ ತನಕ.
ಬಸ್ಸು ಮನೆಯಲ್ಲ, ಗೊತ್ತು.
ಮನೆಯಾಗಿದ್ದರೆ ಹಾಗೆ ಕೂರುತ್ತಿದ್ದರೋ ಇಲ್ಲವೋ,
ಅದೂ ಗೊತ್ತು.

ಆ ರಾತ್ರಿ ಲೋಹಿತ ಅನ್ನ ಬೇಡ ಎಂದ.
ಆಮೇಲೆ ಉಂಡ. ಕೈ ತೊಳೆದು ಬಂದು ಕೇಳಿದ:
ಚಿಕ್ಕಮ್ಮ, ಮುಂದಿನ ವಾರ ನಾನು ಬರ್ಲಾ, ಬ್ಯಾಡ್ವಾ?

ಪೆನ್ಷನ್ ಮೊಹಲ್ಲದ ಒಂದೂವರೆ ಕೋಣೆಯಲ್ಲಿ
ನಾಲ್ಕಕ್ಕೆ ಏಳುತ್ತೇನೆ, ಲೈಟು ಹಾಕದೆ.
ಚಾಪೆಗಳನ್ನು ದಾಟುವಾಗ ಕಾಲು ತಾನಾಗಿ ಎಣಿಸುತ್ತದೆ,
ಅತ್ತೆ, ನಾದಿನಿ, ಯಜಮಾನರ ಗೊರಕೆ,
ಒಂದೇ ಕಂಬಳಿಯೊಳಗೆ ಹೆಣ್ಣುಗಳು, ಅಂದಾಜಿನ ಮೇಲೆ.
ಬಾಗಿಲಿಗೆ ಬೆನ್ನು ಹಚ್ಚಿ
ಆದಷ್ಟು ಚಿಕ್ಕದಾಗಿ ಮುದುಡಿಕೊಂಡು ಲೋಹಿತ.
ಬಗ್ಗಿ ಅವನ ಕಿವಿಯಲ್ಲಿ
ದಿನವಿಡೀ ಕಿರುಚುವುದನ್ನೇ ಪಿಸುಗುಟ್ಟಿದೆ:
ಒಳಗ್ ಹೋಗು ಮಗ, ಒಳಗ್ ಹೋಗು,
ಜಾಗ ಐತೆ.

ನಿದ್ದೆಯಲ್ಲೇ ಒಂದು ಗೇಣು ಸರಿದ.
ಬಾಗಿಲು ಅಷ್ಟು ತೆರೆಯಿತು,
ನಾನು ಹೊರಬೀಳುವಷ್ಟು.